ಸೂಜಿಗಲ್ಲು

ಜುಬೇದಾಳ ಅಂಗಡಿಯಲ್ಲೊಂದು ಸೂಜಿಗಲ್ಲಿದೆ,
ಲಾಳದ ಆಕಾರ, ಕೆಂಪು ಬಣ್ಣ ಅರ್ಧ ಉದುರಿದ್ದು.
ಸಂಜೆ ಶಟರ್ ಎಳೆಯುವ ಮುಂಚೆ
ನೆಲದ ಮೇಲೆ ಅದನ್ನಾಡಿಸಿ
ಬಿದ್ದ ಗುಂಡುಸೂಜಿಗಳನ್ನೆಲ್ಲ ಕರೆದುಕೊಳ್ಳುತ್ತಾಳೆ,
ಹೇಟೆ ಮರಿಗಳನ್ನು ಕರೆದ ಹಾಗೆ.

ಅದನ್ನು ಚೀಲಕ್ಕೆ ಹಾಕಿಕೊಂಡು ಬಾ ಎಂದವಳು ನಾನೇ.
ಕಾಲೇಜಿನ ಲ್ಯಾಬಿನಲ್ಲಿ ಗಾಜು ತೊಳೆಯುವವಳು ನಾನು;
ಪಾಠ ನನಗಲ್ಲ, ಆದರೂ ಕಿವಿಗೆ ಬಾಗಿಲಿಲ್ಲವಲ್ಲ.
ಹೊರಗಿನಿಂದ ಬಂದ ಭೂಗರ್ಭದ ಮೇಷ್ಟ್ರು ಒಮ್ಮೆ
ಹಿಡಿ ಕರಿಮರಳನ್ನು ಕಾಗದದ ಮೇಲೆ ಸುರಿದು
ಅಡಿಯಿಂದ ಸೂಜಿಗಲ್ಲು (ಅವರ ಬಾಯಲ್ಲಿ ಅಯಸ್ಕಾಂತ) ಓಡಿಸಿದರು.
ಮರಳು ಎದ್ದು ನಿಂತಿತು, ಸಿಟ್ಟಾದ ಮುಳ್ಳುಹಂದಿ.
"ದೂರದ ದ್ವೀಪಗಳಲ್ಲಿ ಹೀಗೇ ಕಪ್ಪು ಕಡಲತೀರಗಳಿವೆ,
ಬೆಂಕಿಬೆಟ್ಟ ಉಗಿದದ್ದು, ಸಮುದ್ರ ಅರೆದದ್ದು.
ಇದು ಇಲ್ಲಿಯದೇ, ಹಿನ್ನೀರಿನ ನಡುಗಡ್ಡೆಯದು.
ನಿಮ್ಮ ಕಲ್ಲುಗಳೂ ಒಂದು ಕಾಲಕ್ಕೆ ಕುದಿದವೇ."
ಹುಡುಗರು ಬರೆದುಕೊಂಡರು.
ನಾನು ಆ ಕಾಗದ ಮಡಚಿ
ಬುಟ್ಟಿಗೆ ಹಾಕಲಿಲ್ಲ.

ಮೇ ತಿಂಗಳ ಭಾನುವಾರ.
ಸಾಗರದಿಂದ ಮೊದಲ ಬಸ್ಸು, ಆಮೇಲೆ ಕೆರಿಯಪ್ಪನ ದೋಣಿ.
ಶರಾವತಿಯ ನೀರು ಗೇಣು ಗೇಣಾಗಿ ಇಳಿದು
ದಂಡೆಯುದ್ದಕ್ಕೂ ಟೇಪಿನ ಗೆರೆ ಬಿಟ್ಟಿತ್ತು.
ಜುಬೇದಾ ದೋಣಿಯ ಅಂಚು ಹಿಡಿದದ್ದು ನೋಡಬೇಕಿತ್ತು,
ಮಿಷನ್ನಿನ ಚಕ್ರ ಹಿಡಿದು ರೂಢಿಯಾದ ಕೈ,
ಬೇಕಾದಾಗ ನಿಲ್ಲಿಸಬಹುದು ಅಂದುಕೊಂಡಿತ್ತೋ ಏನೋ.
ಮುಂಚೆ ಇಲ್ಲಿ ಏನಿತ್ತು ಕೆರಿಯಪ್ಪಣ್ಣ?
"ಬಿಸಿಲಿತ್ತು" ಎಂದ. ಹುಟ್ಟು ಹಾಕಿದ.
ಮತ್ತೆ ಕೇಳಲಿಲ್ಲ ನಾನು.

ದೂರದಿಂದ ಅದು ಸೀದ ದೋಸೆ.
ಹತ್ತಿರವಾದಂತೆ ನೀರಲ್ಲಿ ಮಲಗಿದ ಎಮ್ಮೆ.
ಕಾಲಿಟ್ಟರೆ, ಯಪ್ಪಾ, ಕಾದ ಕಾವಲಿ!
ಚಪ್ಪಲಿ ಕೈಯಲ್ಲಿದ್ದ ಜುಬೇದಾ
ಬುರ್ಖಾ ಮಂಡಿಯವರೆಗೆ ಎತ್ತಿ ನೀರಿಗೆ ಓಡಿದಳು,
ನಲವತ್ತೆಂಟರವಳು, ಕೀಲುನೋವಿನವಳು.
ನಕ್ಕ ಸದ್ದಿಗೆ ಒಂದೇ ಒಂದು ನೀರುಕಾಗೆ ಎದ್ದು ಹೋಯಿತು.
ಆಮೇಲೆ ಯಾರೂ ಇಲ್ಲ.
ಅಳತೆ ಕೊಡಲು ಬಂದವರಿಲ್ಲ, ತಗಾದೆ ಇಲ್ಲ,
ತೋಳು ಬಿಗಿಯಾಯ್ತು ಎನ್ನುವವರಿಲ್ಲ.
ಒದ್ದೆ ಮರಳು ಬಾಳೆಮೀನಿನ ಬೆನ್ನಿನಂತೆ
ಒಮ್ಮೆ ನೀಲಿ, ಒಮ್ಮೆ ಏನೂ ಅಲ್ಲ.

ಸೂಜಿಗಲ್ಲು ಅದ್ದಿದಳು. ಗಡ್ಡ ಬಂತು.
"ಥೇಟ್ ನಮ್ಮ ರಶೀದ್ ಮಾಮು" ಎಂದು ಮತ್ತೆ ನಗು.
ಆಮೇಲೆ ಅಂಗೈ ಮರಳಿನ ಮೇಲಿಟ್ಟು,
ಮಗುವಿನ ಜ್ವರ ನೋಡುವಂತೆ, ತುಂಬ ಹೊತ್ತು.
"ಈ ಬಿಸಿ ಇವತ್ತಿನ ಬಿಸಿಲಿನದೋ,
ಆ ಹಳೇ ಬೆಂಕಿಯದೋ?"
ನಾನು ಗಾಜು ತೊಳೆಯುವವಳು.
ಮೇಷ್ಟ್ರು ಅದನ್ನು ಹೇಳಿರಲಿಲ್ಲ.

ಪ್ಲಾಸ್ಟಿಕ್ ಸುತ್ತಿ ತರಬೇಕೆಂದು ಹೇಳಲು ಮರೆತಿದ್ದೆ.
ಊದಿದಳು, ತೊಳೆದಳು, ದುಪಟ್ಟಾದಲ್ಲಿ ಉಜ್ಜಿದಳು;
ಮರಳು ಲಾಳದ ಈ ಕಾಲಿಂದ ಆ ಕಾಲಿಗೆ ಹೋಗುತ್ತದೆ,
ಬಿಟ್ಟು ಹೋಗುವುದಿಲ್ಲ.
ಬಸ್ಸಿನಲ್ಲಿ ನನ್ನ ಜೊತೆ ಮಾತಿಲ್ಲ.

ಬುಧವಾರ ಹೋದೆ. ಮೇಜಿನ ತುಂಬ ಬಿಳಿ ಸ್ಯಾಟಿನ್,
ಫಿಲೋಮಿನಾಳ ಮಗಳು ರೀಟಾಳ ಮದುವೆ ಗೌನು.
ಅಂಚಿನ ಹತ್ತಿರ ಐದಾರು ಕಪ್ಪು ಕಾಳು,
ಗುಂಡುಸೂಜಿಯ ಜೊತೆ ಬಂದು ಕೂತವು.
"ಉಜ್ಜಿದರೆ ಹರಡುತ್ತೆ" ಎಂದು
ಅಂಚನ್ನು ಎರಡು ಸಲ ಮಡಚಿ
ಒಳಗೇ ಇಟ್ಟು ಹೊಲಿದುಬಿಟ್ಟಳು.
ಹಲ್ಲಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು,
"ಹೇಳ್ತೀಯಾ?"

ಇಗರ್ಜಿಯಲ್ಲಿ ನಾವು ಕೊನೆಯ ಬೆಂಚು.
ಮದಲಗಿತ್ತಿ ಪಕ್ಕದಲ್ಲೇ ಹಾದಳು.
ಜುಬೇದಾಳ ಚೀಲದಲ್ಲಿ ಸೂಜಿಗಲ್ಲಿತ್ತು.
ಗೌನಿನ ಅಂಚು ಒಂದು ಕ್ಷಣ ನಮ್ಮ ಕಡೆ
ವಾಲಿತೆಂದು ಇವತ್ತಿಗೂ ಆಣೆ ಮಾಡುತ್ತಾಳೆ.
ಫ್ಯಾನು ತಿರುಗುತ್ತಿತ್ತು, ಕಿಟಕಿ ತೆರೆದಿತ್ತು.
ನಾನು ಲ್ಯಾಬಿನವಳು,
ಒಪ್ಪುವುದಿಲ್ಲ.