ಹದಿನಾಲ್ಕನೆಯ ಸಾಲು

ಡಿಸೆಂಬರಿನಲ್ಲಿ ನಮ್ಮ ಉಮೆಯೊ ಊರಿಗೆ
ಬೆಳಗಿನ ಒಂಬತ್ತಾದರೂ ಹೊತ್ತು ಹುಟ್ಟುವುದಿಲ್ಲ.
ಹಸಿರುಮನೆಯ ಬಾಗಿಲು ತಳ್ಳಿ ಒಳಗೆ ನಿಂತರೆ
ಕನ್ನಡಕದ ಮೇಲೆ ಹಬೆ. ಒರೆಸಿಕೊಳ್ಳುವಷ್ಟರಲ್ಲಿ
ದೀಪದ ಕೆಳಗೆ ಆಸ್ಪೆನ್ ಗಿಡಗಳು ಎದ್ದು ನಿಂತಿರುತ್ತವೆ,
ಹದಿನಾಲ್ಕನೆಯ ಸಾಲಿನವನ್ನು ಬಿಟ್ಟು.

ಅವು ಏಳಲಾರವು.
ತೊಯ್ದ ಹಗ್ಗದ ಹಾಗೆ ಕುಂಡದ ಅಂಚಿನಿಂದ ಇಳಿಬಿದ್ದು
ತಮ್ಮ ಎಲೆಯೇ ತಮಗೆ ಭಾರ.
ನೀರಿಗೆ ಕೊರತೆಯಿಲ್ಲ, ಬೇರು ಗಟ್ಟಿಮುಟ್ಟು.
‘ಇವಕ್ಕೆ ಗೋಡೆ ಕಟ್ಟುವವರಿಲ್ಲ, ಟೋರ್ಡ್’ ಎಂದಳು ಇಲ್ಜೆ,
ಲಾಟ್ವಿಯಾದ ಹುಡುಗಿ, ಇನ್ನೂ ಡಾಕ್ಟರ್ ಆಗದವಳು.

ನನಗೆ ಅರವತ್ತೊಂದು.
ಇಲ್ಲಿಗೆ ಬರುವ ಮೊದಲು ಇಪ್ಪತ್ತೆಂಟು ವರ್ಷ
ನದಿ ಕಡಲು ಸೇರುವಲ್ಲಿನ ಕಾಗದದ ಕಾರ್ಖಾನೆಯಲ್ಲಿ
ಮರ ಬೇಯಿಸಿದವನು.
ಕೊಳೆತ ಮೊಟ್ಟೆಯ ವಾಸನೆ, ಕಪ್ಪು ಕಷಾಯ, ನಡುಗುವ ಒತ್ತಡದ ಮುಳ್ಳು.
ಗೋಡೆ ಒಡೆಯುವುದೊಂದೇ ಬಲ್ಲ ವಿದ್ಯೆ.
ಕಟ್ಟಿದವರಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಕಾಫಿಯ ಹೊತ್ತಿನಲ್ಲಿ ಇಲ್ಜೆ ಕೈಯೊರೆಸುವ ಕಾಗದದ ಮೇಲೆ ಗೀಚಿದಳು:
ಜೀವಕೋಶದ ಪೊರೆಯಲ್ಲಿ ಆರೆಸಳಿನ ಹೂವಿನಂತೆ
ಕೂತಿರುತ್ತದೆ ಕಿಣ್ವ.
ಒಳಗಿನಿಂದ ಒಂದೊಂದೇ ಸಕ್ಕರೆ ಎತ್ತಿಕೊಂಡು
ಹೊರಕ್ಕೆ ನೂಲಾಗಿ ದಬ್ಬುತ್ತದೆ.
ದಬ್ಬಿದ ನೂಲು ತಿರುಗಿ ಅದನ್ನೇ ನೂಕುತ್ತದೆ,
ಹಾಗೆ ನಡೆಯುತ್ತದೆ.
ಕಾಲಿಲ್ಲ. ಕೆಲಸವೇ ಕಾಲು.

ಬೇರೆಯವೂ ಇವೆಯಂತೆ. ಒಳಮನೆಯಲ್ಲಿ ಕೂತು
ಕವಲು ಕವಲಾಗಿ ಸೈಲಾನ್ ಹೆಣೆಯುವವು,
ಪೆಕ್ಟಿನ್ ಕಲಸುವವು
(ನನ್ನ ಹೆಂಡತಿ ಕಾಸುವ ಜಾಮು ಗಟ್ಟಿಯಾಗುವುದು ಅದರಿಂದಲೇ),
ಪೊಟ್ಟಣ ಕಟ್ಟಿ ಗೋಡೆಗೆ ಸಾಗಿಸುತ್ತವೆ.
ಗಾರೆಯವರು ಒಳಗೆ, ಕಂಬಿ ಹಾಸುವವರು ಅಂಚಿನಲ್ಲಿ.
ಮೇಸ್ತ್ರಿ ಯಾರು? ಕೇಳಿದೆ.
ಅವಳು ಬಿಸ್ಕತ್ತು ಅದ್ದಿದಳು.

ಒಂದು ಮಾತು ಮಾತ್ರ ನನಗೆ ಅರಗಲಿಲ್ಲ.
ಆಲೂಗಡ್ಡೆಯ ಪಿಷ್ಟವೂ ಅದೇ ಸಕ್ಕರೆ, ಮರವೂ ಅದೇ ಸಕ್ಕರೆ.
ಮಣಿಗಳನ್ನು ಒಂದೇ ಮಗ್ಗುಲಿಗೆ ಪೋಣಿಸಿದರೆ ಊಟ,
ಒಂದು ಬಿಟ್ಟು ಒಂದನ್ನು ಮಗುಚಿ ಪೋಣಿಸಿದರೆ
ಇಗೋ, ನೀನು ಕೂತ ಕುರ್ಚಿ.
ಅರಗಲಿಲ್ಲ ಎಂದೆ.
‘ಮರ ಯಾರಿಗೆ ಅರಗೀತು!’ ನಕ್ಕಳು.

ಹದಿನಾಲ್ಕನೆಯ ಸಾಲಿನಲ್ಲಿ ಆ ಹೂವಿನ ಒಂದಕ್ಷರವನ್ನು
ಅಳಿಸಿದವಳು ಅವಳೇ.
ಬಿದ್ದರೆ ತಾನೇ ತಿಳಿಯುವುದು
ಯಾವ ಅಕ್ಷರ ಎಷ್ಟು ಹೊತ್ತಿತ್ತೆಂದು.
ಹಾಗಾಗಿ ವಾರಕ್ಕೆರಡು ಸಲ ನನ್ನ ಪಾಲಿನ ಕೆಲಸ:
ಬಿದಿರುಕಡ್ಡಿ ನೆಟ್ಟು, ಹತ್ತಿಯ ದಾರ ಸುತ್ತಿ,
ಸಡಿಲವಾಗಿ, ಉಸಿರಾಡುವಷ್ಟು ಬಿಟ್ಟು, ಗಂಟು.

ಮೊನ್ನೆ ಗಂಟಿನ ನಡುವೆ ಕೈ ನಿಂತಿತು.
ಬಿದಿರು, ಯಾವುದೋ ಬೆಚ್ಚನೆ ನಾಡಿನಲ್ಲಿ
ಅದೇ ಆರೆಸಳು ನೂತದ್ದು.
ದಾರವೂ, ಹತ್ತಿಕಾಯಿಯ ಕತ್ತಲಲ್ಲಿ.
ನನ್ನ ಅಂಗಿ. ಕುಂಡದ ಚೀಟಿ.
ಚೀಟಿಯ ಮೇಲೆ ‘14’ ಎಂದು ಬರೆದ ಪೆನ್ಸಿಲಿನ ಮೈ.
ಮನೆಯಲ್ಲಿ ಹುಟ್ಟದ ಬೆನ್ನೆಲುಬನ್ನು
ಕಂಡರಿಯದ ನೆಂಟರಿಂದ ಕಡ ತಂದು
ಗಿಡ ನೆಟ್ಟಗೆ ನಿಂತಿತ್ತು.

ಶುಕ್ರವಾರ ತೂಕ, ಅಳತೆ.
ಆಮೇಲೆ ಚೀಲಕ್ಕೆ ತುಂಬಿ ಹಬೆಯ ಪೆಟ್ಟಿಗೆಗೆ. ಕಾನೂನು ಹಾಗಿದೆ,
ಇಂಥವು ಕಾಡು ಸೇರಕೂಡದು.
ಗುಂಡಿ ಒತ್ತುವವನು ನಾನು. ಹಳೆಯ ವಿದ್ಯೆ.
ದಾರ ಬಿಚ್ಚಲೇ ಎಂದೆ.
ಬೇಡ, ಜೊತೆಗೇ ಹೋಗಲಿ ಎಂದಳು ಇಲ್ಜೆ, ಈ ಸಲ ನಗದೆ.

ಕಡ್ಡಿಗಳನ್ನು ಮಾತ್ರ ತೊಳೆದು ಒಣಗಿಸುತ್ತೇನೆ.
ಹದಿನೈದನೆಯ ಸಾಲು
ಗಾಜಿನ ಡಬ್ಬಿಯಲ್ಲಿ ಎರಡೆಲೆ ಬಿಟ್ಟಿದೆ.