ಮೂರನೇ ಸುತ್ತು

ವಡಾಲಾದಲ್ಲಿ, ಉಪ್ಪಿನಗದ್ದೆಗಳ ಬೆನ್ನಿಗಿರುವ ಕವಾಯತು ಮೈದಾನದಲ್ಲಿ
ಬೆಳಗಿನ ಏಳೂವರೆಗೇ ಮೇ ತಿಂಗಳು ಹೆಗಲೇರಿ ಕೂತಿದೆ.
ನಮ್ಮ ಅಕ್ಕಲಕೋಟೆಯ ಬಿಸಿಲು ಬಾಯಿಬಿಟ್ಟು ಬೈಯುತ್ತದೆ,
ಬೆವರನ್ನು ಬಂದಲ್ಲೇ ಒಣಗಿಸುತ್ತದೆ.
ಇಲ್ಲಿಯದು ಒದ್ದೆ ಕಂಬಳಿ.
ಬೆವರು ಇಳಿಯುತ್ತದೆ, ಆರುವುದಿಲ್ಲ;
ಆರದ ಬೆವರು ತಣಿಸುವುದಿಲ್ಲ ಎಂದು
ಹಲಗೆಯ ಮೇಲೆ ಬರೆದು ಎರಡು ಸಲ ಓದಿಸಿದ್ದೇನೆ.

ಇಪ್ಪತ್ತೆರಡು ಮಂದಿ, ತೂಕದ ಯಂತ್ರದ ಮುಂದೆ ಸಾಲು.
ಪ್ರಣಾಲಿ ತಾಂಡೇಲ್, ಐವತ್ತೆಂಟು ಕಿಲೋ ನಾನೂರು.
ಇರ್ಫಾನ್ ಮುಕಾದಮ್, ಎಪ್ಪತ್ತೊಂದು.
ನಿವೃತ್ತಿ ಶೇಳ್ಕೆ (ಹೆಸರಷ್ಟೇ ನಿವೃತ್ತಿ, ಇಪ್ಪತ್ತಮೂರರ ಹುಡುಗ)
ಅರವತ್ತಾರು. ರಾತ್ರಿ ನಿದ್ದೆ ಆಯಿತೇ?
‘ಭರಪೂರ, ಸಾಹೇಬ್.’
ಕಣ್ಣು ಬೇರೆ ಹೇಳುತ್ತಿತ್ತು. ಬರೆದುಕೊಂಡೆ.

ಅದೇ ಜಾತಿಯ ವಹಿ ಇದು: ಕೆಂಪು ಬೆನ್ನು, ಉದ್ದ ಗೆರೆ.
ನಾನು ಕಲಿಯುವಾಗ ಉಸ್ತಾದರು ಇಂಥದ್ದರಲ್ಲೇ
ನೀರು ಕೇಳಿದವರ ಹೆಸರು ಬರೆಯುತ್ತಿದ್ದರು.
ಕೇಳದವರಿಗೆ ಸಂಜೆ ಶಾಭಾಸ್.
ನನ್ನ ಹೆಸರು ಅದರಲ್ಲಿ ಒಮ್ಮೆಯೂ ಬರಲಿಲ್ಲ,
ಪಕ್ಕದ ಮಂಚದ ಗಣಪತ್ ಢೋಬಳೆಯದೂ.
ಅವನ ಟ್ರಂಕನ್ನು ಅವನಣ್ಣ ಬಂದು ಒಯ್ದ,
ಕೀಲಿಕೈ ಸಿಗದೆ, ಬೀಗ ಹಾಕಿದ್ದ ಹಾಗೆಯೇ.

ನಾನು ಬರೆಯುವುದು ಕುಡಿಯದವರ ಹೆಸರು.

ದಪ್ಪ ಕೋಟು, ಬೆನ್ನಿಗೆ ಸಿಲಿಂಡರು, ಹೊಗೆಕೋಣೆಗೆ ಒಂದು ಸುತ್ತು.
ಹೊರಬಂದೊಡನೆ ಎಲ್ಲ ಕಳಚಿ ಬಾದಾಮಿ ಮರದಡಿ ಕೂರು,
ಮೊಣಕೈವರೆಗೆ ತೋಳು ತಣ್ಣೀರ ಬಕೆಟ್ಟಿನಲ್ಲಿ,
ಕೋಕಂ ನೀರಿಗೆ ಚಿಟಿಕೆ ಉಪ್ಪು.
ಇಪ್ಪತ್ತು ನಿಮಿಷ. ಹುಮ್ಮಸ್ಸು ನಿಮ್ಮದು, ಗಡಿಯಾರ ನನ್ನದು.
ಪಾಯಖಾನೆಯ ಗೋಡೆಗೆ ಬಣ್ಣಗಳ ಪಟ್ಟಿ ಅಂಟಿಸಿದ್ದೇನೆ,
ತಿಳಿನಿಂಬೆಯಿಂದ ಡಿಕಾಕ್ಷನ್ನಿನವರೆಗೆ;
ಕೊನೆಯ ಬಣ್ಣದ ಕೆಳಗೆ ಯಾರೋ ನನ್ನ ಹೆಸರು ಗೀಚಿದ್ದಾರೆ.
ಇರಲಿ. ನೋಡುತ್ತಾರಲ್ಲ.

ಬರ್ಫ ಸಸೂನ್ ಡಾಕಿನದು.
ಪ್ರಣಾಲಿಯ ಚಿಕ್ಕಮ್ಮ ಗೋಣಿ ಸುತ್ತಿ ಟೆಂಪೋದಲ್ಲಿ ಕಳಿಸುತ್ತಾಳೆ,
ಮೀನಿನ ಲೆಕ್ಕಕ್ಕೆ ಹಿಡಿಯದೆ.
ನೀಲಿ ತೊಟ್ಟಿಯಲ್ಲಿ ಅದು ಕರಗುವಾಗ
ಒಂದೊಂದು ದಿನ ಪಾಪ್ಲೆಟಿನ ಹುರುಪೆ ತೇಲುತ್ತದೆ.
ಯಾರೂ ಇಳಿಯದ ತೊಟ್ಟಿಗೆ ದಿನವೂ ಬರ್ಫ ಏಕೆಂದು
ಮೇಲಿನಿಂದ ಕಾಗದ ಬಂದಿದೆ. ಉತ್ತರ ಬರೆದಿಲ್ಲ.

ಎರಡನೇ ಸುತ್ತು ಮುಗಿಯಿತು.
ಎಲ್ಲರಿಗೂ ಒಂದೇ ಪ್ರಶ್ನೆ: ಬಿಲ್ಲೆ ನಂಬರು?
ಶೇಳ್ಕೆ ಕೋಟು ಬಿಚ್ಚಿರಲಿಲ್ಲ,
ಪೈಪಿನ ತುದಿ ಹಿಡಿದು ಮೂರನೆಯದಕ್ಕೆ ನಿಂತಿದ್ದ.
‘ಹದಿನೇಳು, ಬಾಯಿ.’
ಹದಿನೇಳು ಯಾರದೂ ಅಲ್ಲ ನಮ್ಮಲ್ಲಿ.
ಬಾಯಿ ಎನ್ನುವುದು ಮರಾಠಿ ಶಾಲೆಯ ಅಕ್ಕೋರಿಗೆ.
ಹುಡುಗ ಯಾವುದೋ ಊರಿನ ಎರಡನೇ ಇಯತ್ತೆಯಲ್ಲಿ
ಎದ್ದುನಿಂತು ಹಾಜರಿ ಹೇಳುತ್ತಿದ್ದ.

ಕೊಂಡಿಗಳನ್ನು ಕಿತ್ತೆವು. ನಾಲ್ವರು ಎತ್ತಿ
ಕುತ್ತಿಗೆವರೆಗೆ ತೊಟ್ಟಿಗೆ.
ಇರ್ಫಾನ್ ತಲೆ ಹಿಡಿದ, ಕೂಸಿಗೆ ಎರೆಯುವವರ ಹಾಗೆ.
ಆಂಬುಲೆನ್ಸಿನವನು ಬಾಗಿಲು ತೆಗೆದು ಹಾರ್ನು ಹಾರ್ನು ಹಾರ್ನು.
ಮೊದಲು ತಣಿಯಲಿ, ಆಮೇಲೆ ಸಾಗಲಿ ಎಂದೆ.
‘ಸತ್ತರೆ ಯಾರ ತಲೆಗೆ?’ ಎಂದ.
ನಾನು ಬೀಗ ನೋಡುತ್ತಿದ್ದೆ. ಟ್ರಂಕಿನದು, ಹಿತ್ತಾಳೆಯದು.

ಹನ್ನೊಂದು ನಿಮಿಷಕ್ಕೆ ತುಟಿ ಅದುರಿತು,
ಆಮೇಲೆ ಹಲ್ಲು, ಆಮೇಲೆ ಇಡೀ ಹುಡುಗ.
ಚಳಿಗೆ ನಡುಗುವವನನ್ನು ಅಷ್ಟು ಆಸೆಯಿಂದ
ಯಾರೂ ನೋಡಿರಲಾರರು.
‘ಸಾಹೇಬ್, ಮೀನು ನಾರುತ್ತಿದೆ.’
ಪ್ರಣಾಲಿ ನಕ್ಕಳು, ಮುಖ ಗೋಡೆಗೆ ತಿರುಗಿಸಿದಳು.

ಸಂಜೆ ದವಾಖಾನೆಯಿಂದ ಫೋನು. ಮೊದಲ ಮಾತೇ
‘ಮೂರನೇ ಸುತ್ತು ಪಾಸೋ ಫೇಲೋ?’
ವಹಿ ತೆರೆದೆ. ಖಾಲಿ ಬಿಟ್ಟರೆ ಗೈರುಹಾಜರಿ,
ಅಡ್ಡಗೆರೆ ಎಳೆದರೆ ಫೇಲು.
ಪೆನ್ನಿನ ಶಾಯಿ ಒಣಗುವಷ್ಟು ಹೊತ್ತು ಕೂತಿದ್ದು
ಬರೆದೆ: ನೀರಿನಲ್ಲಿದ್ದ.

ಹೊರಗೆ ತೊಟ್ಟಿಯ ಅಂಚಿಗೆ ಮುಂಗಾಲಿಟ್ಟು
ಬೆಕ್ಕೊಂದು ತಳದಲ್ಲಿ ಏನನ್ನೋ ಹುಡುಕುತ್ತಿತ್ತು.