ರುವಿಯ ನೀಲಿ ಕೋಟು

ಒಂದು ಪುಟ ಸಾಕು, ಎನ್ನುತ್ತೇನೆ ಎಲ್ಲರಿಗೂ.
ಹತ್ತು ಸೆಕೆಂಡಿನ ಮೇಲೆ ನೋಡುವುದಿಲ್ಲ ಯಾರೂ.
ರುವಿಯ ಈ ಟೈಪಿಂಗ್ ಸೆಂಟರಿನಲ್ಲಿ
ಎರಡು ರಿಯಾಲಿಗೆ ಒಂದು ಆಯುಷ್ಯ
ಇಸ್ತ್ರಿ ಮಾಡಿ ಮಡಚಿಕೊಡುವುದು ನನ್ನ ಕೆಲಸ;
ಅರಬ್ಬಿಯಲ್ಲೂ ಬೇಕಿದ್ದರೆ ಮೇಲೆ ಒಂದೂವರೆ.

ಇವತ್ತು ಎದುರಿಗೆ ಹಮೀದಬ್ಬ, ವಿಟ್ಲದವರು.
ಇಪ್ಪತ್ತೆರಡು ವರ್ಷ ಒಂದೇ ಕಂಪನಿಯ ಟೀ ಬಾಯ್.
ರಂಜಾನಿಗೆ ಮೊದಲು ಕಂಪನಿ ಮುಚ್ಚಿತು.
"ವೀಸಾ ಇನ್ನು ನಲವತ್ತು ದಿನ ಉಂಟು" ಎಂದರು,
ಹಾಲಿನ ಡಬ್ಬಿಯ ಮೇಲಿನ ತಾರೀಖು ಓದುವವರ ಹಾಗೆ.

ಮೊದಲು 'ಬಾಯ್' ತೆಗೆದೆ.
ಐವತ್ತೊಂದರವರನ್ನು ಹುಡುಗ ಎಂದರೆ
ಓದುವವರು ನಕ್ಕಾರು.
ಆಫೀಸ್ ಅಸಿಸ್ಟೆಂಟ್ ಎಂದು ಹೊಡೆದೆ.
ಅವರು ಸ್ಕ್ರೀನಿನತ್ತ ಬಗ್ಗಿ
"ಇದು ಯಾರು?" ಎಂದರು.

ಸಾಧನೆ ಹೇಳಿ ಕಾಕಾ. ಕೆಲಸ ಅಲ್ಲ, ಸಾಧನೆ.
ಅಂಕಿ ಇದ್ದರೆ ಇನ್ನೂ ಒಳ್ಳೆಯದು.

ನಲವತ್ತಾರು ಜನ, ಯಾರಿಗೆ ಎಷ್ಟು ಸಕ್ಕರೆ,
ಒಂದು ದಿನವೂ ಬರೆದಿಟ್ಟುಕೊಂಡದ್ದಿಲ್ಲ.
ಸುಡಾನಿನ ಇಂಜಿನಿಯರಿಗೆ ಶುಂಠಿ,
ಅಕೌಂಟ್ಸಿನ ಗೋವಾದ ಬಾಯಿಗೆ ಹಾಲು ಬೇರೆ ಲೋಟದಲ್ಲಿ.
ದೊಡ್ಡ ಸಾಹೇಬರ ಕೈ ನಡುಗಲು ಸುರುವಾದ ವರ್ಷ
ಕಪ್ಪು ಅರ್ಧವೇ ತುಂಬಿಸಿದ್ದು,
ಎರಡು ಸಲ ತಂದುಕೊಟ್ಟದ್ದು.
"ಅವರಿಗೂ ಗೊತ್ತಾಗಲಿಲ್ಲ.
ಗೊತ್ತಾಗಿದ್ದರೆ ಸಂಬಳ ಏರಿಸ್ತಿದ್ದರೋ,
ನನ್ನನ್ನೇ ಇಳಿಸ್ತಿದ್ದರೋ."

ನಾನು ಟೈಪಿಸಿದೆ:
ನಲವತ್ತಾರು ಸಿಬ್ಬಂದಿಯ ಆತಿಥ್ಯ ನಿರ್ವಹಣೆ.
ಸೂಕ್ಷ್ಮ ವಿಷಯಗಳಲ್ಲಿ ಗೌಪ್ಯತೆ.
ಸುಳ್ಳು ಒಂದಕ್ಷರ ಇಲ್ಲ.
ನಿಜವೂ, ಆರಿದ ಚಹಾದ ಮೇಲಿನ ಕೆನೆಯಷ್ಟೇ.

ರೆಫರೆನ್ಸಿಗೆ ಯಾರು?
ಸಾಹೇಬರು ಈಗಿಲ್ಲ. ಅವರ ನಂಬರು ಉಂಟು,
ಮಗಳು ಎತ್ತುತ್ತಾಳಂತೆ. "ಚಹಾದ ಹಮೀದ್ ಅಂದರೆ ಸಾಕು."
ಬರೆದೆ.

ಗೊತ್ತಿರುವ ಭಾಷೆಗಳು?
ಬ್ಯಾರಿ, ತುಳು, ಮಲಯಾಳ, ಹಿಂದಿ,
ಅರಬ್ಬಿ ("ಬೈಸಿಕೊಂಡು ಕಲಿತದ್ದು, ಹಾಗಾಗಿ ಗಟ್ಟಿ"),
ಸ್ವಲ್ಪ ಬಲೂಚಿ, ಟ್ರೇ ಹಿಡಿಯುವಷ್ಟು ಇಂಗ್ಲಿಷ್,
ಮತ್ತೆ ಕನ್ನಡ, ಏಳನೇ ಕ್ಲಾಸಿನವರೆಗೆ.
ಆ ಕೊನೆಯ ಪದ ಹೊಡೆದದ್ದೇ ತಡ
ಪುಟ ಉಕ್ಕಿತು; ಸಹಿಯ ಜಾಗ
ಎರಡನೇ ಹಾಳೆಗೆ ಜಾರಿ ಒಂಟಿಯಾಗಿ ನಿಂತಿತು.
ಅಕ್ಷರ ಕುಗ್ಗಿಸಿದೆ, ಅಂಚು ಒತ್ತಿದೆ. ಬಗ್ಗಲಿಲ್ಲ.
"ಕನ್ನಡ ತೆಗೀಲಾ ಕಾಕಾ? ಇಲ್ಲಿ ಅದನ್ನು ಕೇಳುವವರಿಲ್ಲ"
ಎಂದು ಕೇಳಿದ್ದು ಕನ್ನಡದಲ್ಲಿ.
"ತೆಗೀರಿ," ಎಂದರು ಅದರಲ್ಲೇ,
"ಅದು ಹೇಗೂ ನಮ್ಮಿಬ್ಬರ ಹತ್ರ ಉಂಟಲ್ಲ."

ಫೋಟೋಕ್ಕೆ ಪಕ್ಕದ ಸ್ಟುಡಿಯೋ.
ಚಿತ್ತಗಾಂಗಿನ ಮೊಂಟು ಮೊಳೆಯಿಂದ ನೀಲಿ ಕೋಟು ಇಳಿಸಿದ.
ದಪ್ಪಗಿದ್ದವರಿಗೆ ಬೆನ್ನ ಹೊಲಿಗೆ ಬಿಚ್ಚುತ್ತಾನೆ,
ತೆಳ್ಳಗಿದ್ದವರಿಗೆ ಹಿಂದಿನಿಂದ ಬಟ್ಟೆ ಕ್ಲಿಪ್ಪು.
ಹಮೀದಬ್ಬನವರಿಗೆ ಮೂರು ಕ್ಲಿಪ್ಪು,
ಕೆಳಗೆ, ಫೋಟೋಕ್ಕೆ ಬೀಳದ ಕಡೆ, ಹವಾಯಿ ಚಪ್ಪಲಿ.

ವೆಲ್ಡರು, ಗುಮಾಸ್ತ, ಕ್ರೇನ್ ಡ್ರೈವರು
ಎಲ್ಲ ಇದರೊಳಗೆ ಹೊಕ್ಕು ಹೊರಟವರೇ.
ಮಸ್ಕತ್ತಿನ ಎಷ್ಟೋ ಮೇಜುಗಳ ಮೇಲೆ
ಇದೇ ಕೋಟು ತಲೆ ಬದಲಿಸಿಕೊಂಡು ಕೂತಿದೆ.
ಕೋಟೇ ಅರ್ಜಿ ಹಾಕಿದರೆ
ಮೂರು ಪುಟ ಅನುಭವ, ಎನ್ನುತ್ತಾನೆ ಮೊಂಟು.

ನನ್ನ ಫೋಟೋದಲ್ಲೂ ಅದೇ, ಒಂಬತ್ತು ವರ್ಷದ ಹಿಂದೆ.
ಬಿ.ಎಡ್. ಮುಗಿಸಿ ಬಂದವಳು
ಬಯಸುವ ಹುದ್ದೆ ಎಂಬಲ್ಲಿ
'ಯಾವುದಾದರೂ' ಎಂದು ಬರೆದಿದ್ದೆ.
ಹಾಗೆ ಬರೆಯಲೇಬಾರದು, ಎನ್ನುತ್ತೇನೆ ಈಗ ಬಂದವರಿಗೆಲ್ಲ.
ಹಾಗೆ ಬರೆದದ್ದಕ್ಕೇ ಈ ಕುರ್ಚಿ ಸಿಕ್ಕಿದ್ದು.

ಆರು ಪ್ರತಿ. ಪ್ರಿಂಟರು ಬಿಸಿಯಾಗಿ ಕೆಮ್ಮುವಷ್ಟರಲ್ಲಿ
ಹಮೀದಬ್ಬ ಕಾಣಲಿಲ್ಲ.
ಕೆಳಗಿನ ಕೆಫೆಟೇರಿಯಾದಿಂದ ಬಂದರು,
ಕೈಯಲ್ಲಿ ಎರಡು ಕರಕ್,
ಒಂದು ಹನಿ ತುಳುಕಿಸದೆ, ಮೊಣಕೈಯಿಂದ ಬಾಗಿಲು ತಳ್ಳಿ.
ಸಕ್ಕರೆ ಎಷ್ಟೆಂದು ಕೇಳಿರಲಿಲ್ಲ.

ಹೆಚ್ಚಾಗಿತ್ತು. ನನ್ನ ಮುಖ ನೋಡಿಯೇ ತಿಳಿದುಕೊಂಡರು.
"ಮೊದಲ ದಿನ ಅಲ್ವಾ," ಎಂದರು,
"ನಾಳೆಗೆ ಸರಿಯಾಗ್ತದೆ."